ಕೊತ್ತಂಬರಿ ಎಣ್ಣೆಯ ಮುಖ್ಯ ಸುಗಂಧ ವಸ್ತುವಾದ ಲಿನಲೂಲ್ ನೋವು, ಊತ ತಗ್ಗಿಸುತ್ತದೆಯೇ ಎಂದು ಹೇಗೆ ಪರೀಕ್ಷಿಸುತ್ತಾರೆ?

ಊತಕ್ಕೆ ಒಂದು, ನೋವಿಗೆ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಜೊತೆಗೆ ಪ್ರಾಣಿಗೆ ಬರೀ ಮಂಪರು ಕವಿದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಊತಕ್ಕೆ, ಲಿನಲೂಲ್ ಕೊಟ್ಟ ಇಲಿಯ ಪಾದಕ್ಕೆ ಶೇ 1ರ ಕ್ಯಾರಗೀನನ್ (ಕೆಂಪು ಕಡಲಪಾಚಿಯ ಅಂಟು) ದ್ರಾವಣವನ್ನು 0.1 ಮಿ.ಲೀ. ಚುಚ್ಚಿ, ಪಾದದ ಗಾತ್ರವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. ಊತ ಸಾಮಾನ್ಯವಾಗಿ 3ರಿಂದ 5 ಗಂಟೆಯೊಳಗೆ ತುದಿ ಮುಟ್ಟುತ್ತದೆ.

ನೋವಿಗೆ ಫಾರ್ಮಲಿನ್ (ಕೆರಳಿಸುವ ಫಾರ್ಮಾಲ್ಡಿಹೈಡ್ ದ್ರಾವಣ) ಪರೀಕ್ಷೆ ಹೆಚ್ಚು ಹೇಳುತ್ತದೆ. ಸುಂಡಿಲಿಯ ಪಾದಕ್ಕೆ ತೆಳು ಫಾರ್ಮಲಿನ್ ಚುಚ್ಚಿ, ಅದು ಪಾದ ನೆಕ್ಕುವ ಸೆಕೆಂಡುಗಳನ್ನು ಎಣಿಸುತ್ತಾರೆ. ಮೊದಲ 5 ನಿಮಿಷದ ನೋವು ನರ ನೇರವಾಗಿ ಕೆರಳಿದ್ದರಿಂದ. 15ರಿಂದ 30ನೇ ನಿಮಿಷದ್ದು ಮುಖ್ಯವಾಗಿ ಉರಿಯೂತದಿಂದ. ಮಾರ್ಫಿನ್ ಎರಡನ್ನೂ ತಗ್ಗಿಸುತ್ತದೆ, ಇಂಡೊಮೆಥಸಿನ್‌ನಂಥ ಉರಿಯೂತ ಶಾಮಕ ಮುಖ್ಯವಾಗಿ ಎರಡನೆಯದನ್ನು. ಯಾವ ಹಂತ ಇಳಿಯಿತು ಎಂಬುದೇ ವಸ್ತು ಎಲ್ಲಿ ಕೆಲಸ ಮಾಡುತ್ತಿದೆ ಎಂಬುದರ ಸುಳಿವು.

ಎಡವುವುದು ಹೆಚ್ಚಾಗಿ ಇಲ್ಲಿ: ಲಿನಲೂಲ್ ಹೆಚ್ಚಾದರೆ ಪ್ರಾಣಿ ತೂಕಡಿಸುತ್ತದೆ. ತೂಕಡಿಸುವ ಸುಂಡಿಲಿ ನೋವಿದ್ದರೂ ಪಾದ ನೆಕ್ಕುವುದಿಲ್ಲ. ಅದಕ್ಕೇ ಅದೇ ಪ್ರಮಾಣ ಕೊಟ್ಟು ತಿರುಗುವ ಸಲಾಕೆಯ ಮೇಲೆ (ರೋಟರಾಡ್) ನಿಲ್ಲಿಸಿ ನೋಡಲೇಬೇಕು; ಬಿದ್ದರೆ ನೋವಿನ ಫಲಿತಾಂಶವನ್ನು ನಂಬುವಂತಿಲ್ಲ. ಎಣ್ಣೆ ನೀರಿನಲ್ಲಿ ಬೆರೆಯಲು ಟ್ವೀನ್ 80 ಹಾಕಿದ್ದರೆ, ಹೋಲಿಕೆಯ ಗುಂಪಿಗೂ (ಲಿನಲೂಲ್ ಕೊಡದ ಪ್ರಾಣಿಗಳಿಗೂ) ಅಷ್ಟೇ ಟ್ವೀನ್ ಕೊಡಬೇಕು.