ಸತ್ಯವೇದದ (ಬೈಬಲ್‌ನ) ‘ನಿಜವಾದ ಅರ್ಥ’ ತಿಳಿಯಲು ಗ್ರೀಕ್ ಕಲಿಯಬೇಕೇ, ಆ್ಯಪ್‌ನಲ್ಲಿ ಪದ ನೋಡಿದರೆ ಸಾಕೇ?

ನಾನೂ ಗ್ರೀಕ್ ಪದಗಳ ಅರ್ಥ ಕೊಡುವ ಆ್ಯಪ್‌ನಿಂದಲೇ ಶುರು ಮಾಡಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಗುಳೇದಗುಡ್ಡದವರು. ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಒಂದು ಸಲ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ನನ್ನ ಪಾಲಿಗೆ ಬಂತು. ಯೇಸು ತನ್ನ ಶಿಷ್ಯ ಪೇತ್ರನನ್ನು ಮೂರು ಸಲ “ನನ್ನನ್ನು ಪ್ರೀತಿಸುತ್ತೀಯಾ?” ಎಂದು ಕೇಳುವ ಭಾಗ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದರಲ್ಲಿ ಯೇಸು ಮೊದಲ ಎರಡು ಸಲ ‘ಅಗಪಾವೋ’ ಎಂಬ ಪದ ಬಳಸುತ್ತಾನೆ. ಪೇತ್ರ ಮೂರೂ ಸಲ ‘ಫಿಲೆಯೋ’ ಎನ್ನುತ್ತಾನೆ. ಮೂರನೇ ಸಲ ಯೇಸುವೂ ‘ಫಿಲೆಯೋ’ ಎಂದೇ ಕೇಳುತ್ತಾನೆ. ಆ್ಯಪ್ ನೋಡಿಕೊಂಡು ನಾನು ಹೇಳಿದೆ: ಮೊದಲನೆಯದು ದೇವರ ಪ್ರೀತಿ, ಎರಡನೆಯದು ಬರೀ ಗೆಳೆತನ. ಪೇತ್ರನಿಂದ ಅಷ್ಟೇ ಆಯಿತು, ಯೇಸು ಅವನ ಮಟ್ಟಕ್ಕೆ ಇಳಿದ.

ಎಲ್ಲರೂ ತಲೆದೂಗಿದರು. ದೊಡ್ಡವ್ವ ಮಾತ್ರ ಸುಮ್ಮನೆ ಕೂತಿದ್ದಳು. ಪೇತ್ರನ ಆ ಮಾತನ್ನೇ ಅವಳು ದಿನಾ ಮಲಗುವ ಮುಂಚೆ ತನ್ನ ಪ್ರಾರ್ಥನೆಯಾಗಿ ಹೇಳುತ್ತಿದ್ದಳು: “ಸ್ವಾಮಿ, ನಿನ್ನ ಮ್ಯಾಲೆ ನನಗ ಪ್ರೀತಿ ಐತಿ, ನಿನಗ ಎಲ್ಲಾ ಗೊತ್ತೈತಿ.” ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದಳು, “ಹಂಗಾರ ಪೇತ್ರಂದು ಸಣ್ಣ ಪ್ರೀತಿ ಏನಪಾ? ಅಂವಂದ ಸಣ್ಣದಾದ್ರ ನಂದು ಎಷ್ಟರದು?” ಆಮೇಲೆ ಅವಳು ಆ ಪ್ರಾರ್ಥನೆಯನ್ನೇ ಬಿಟ್ಟಳು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಆ್ಯಪ್ ಒಂದು ಪದಕ್ಕೆ ಅರ್ಥ ಕೊಟ್ಟಿತು. ಅದೇ ಯೋಹಾನ ಅದೇ ಪದವನ್ನು ಬೇರೆ ಕಡೆ ಹೇಗೆ ಬಳಸಿದ್ದಾನೆ ಎಂದು ನಾನು ನೋಡಲೇ ಇಲ್ಲ. ನಮ್ಮ ಮನೆಯಲ್ಲಿ ಖಣ ನೇಯುತ್ತಿದ್ದರು. ಒಂದು ಎಳೆ ಕಿತ್ತು ತೋರಿಸಿ ಇದೇ ಖಣ ಅಂದರೆ ಅಪ್ಪ ಒಪ್ಪುತ್ತಿದ್ದರಾ? ವರ್ಷ ಕಳೆದು, ತಕ್ಕಮಟ್ಟಿಗೆ ಗ್ರೀಕ್ ಓದಲು ಬಂದ ಮೇಲೆ ಯೋಹಾನ 5:20 ಕಣ್ಣಿಗೆ ಬಿತ್ತು. ತಂದೆ ಮಗನನ್ನು ಪ್ರೀತಿಸುತ್ತಾನೆ ಎಂಬ ಮಾತು. ಅಲ್ಲಿರುವುದು ‘ಫಿಲೆಯೋ’! 3:35ರಲ್ಲಿ ಅದೇ ಮಾತಿಗೆ ‘ಅಗಪಾವೋ’. ಪೌಲನ ಜೊತೆಗಾರ ದೇಮನು ಈ ಲೋಕವನ್ನು ಪ್ರೀತಿಸಿ ಅವನನ್ನು ಬಿಟ್ಟುಹೋದ ಕಡೆ, 2 ತಿಮೊಥೆ 4:10ರಲ್ಲಿ, ಇರುವುದೂ ‘ಅಗಪಾವೋ’. 21ನೇ ಅಧ್ಯಾಯದಲ್ಲೇ ಒಮ್ಮೆ ಕುರಿಮರಿ, ಒಮ್ಮೆ ಕುರಿ. ಒಮ್ಮೆ ಮೇಯಿಸು, ಒಮ್ಮೆ ಕಾಯಿ. ಪದ ಬದಲಿಸಿ ಬರೆಯುವುದು ಯೋಹಾನನ ರೂಢಿ. ಎರಡಕ್ಕೂ ವ್ಯತ್ಯಾಸ ಇದೆ ಎನ್ನುವ ಪಂಡಿತರು ಈಗಲೂ ಇದ್ದಾರೆ, ಇರಲಿ. ಆದರೆ ‘ಫಿಲೆಯೋ’ ಸಣ್ಣ ಪ್ರೀತಿ ಎಂಬ ಮಾತು ನಿಲ್ಲುವುದಿಲ್ಲ.

ಅವತ್ತೇ ದೊಡ್ಡವ್ವನ ಮನೆಗೆ ಓಡಿದೆ. ಪೂರ್ತಿ ಕೇಳಿಸಿಕೊಂಡು ಅಂದಳು, “ಒಂದ್ ವರ್ಷ ನನ್ನ ಬಾಯಿ ಮುಚ್ಚಿಸಿದೆಲ್ಲೋ.”

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ‘ನಿಜವಾದ ಅರ್ಥ’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಕನ್ನಡ ಸತ್ಯವೇದ ಸುಳ್ಳು ಅರ್ಥ ಕೊಡುತ್ತಿಲ್ಲ. ಲೂಕ 22:31-32 ನೋಡಿ. ಯೇಸು ಪೇತ್ರನಿಗೆ ಹೇಳುವ ಮಾತು ಅದು. ಸೈತಾನ ಕೇಳಿಕೊಂಡದ್ದು ‘ನಿಮ್ಮನ್ನು’, ಅಂದರೆ ಶಿಷ್ಯರೆಲ್ಲರನ್ನೂ. ಯೇಸು ಬೇಡಿಕೊಂಡದ್ದು ‘ನಿನಗಾಗಿ’, ಅಂದರೆ ಪೇತ್ರನೊಬ್ಬನಿಗಾಗಿ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಅವರು ಗ್ರೀಕ್ ನೋಡಬೇಕು. ನಮಗೆ ಕನ್ನಡದಲ್ಲೇ ಕಾಣುತ್ತದೆ. ವಿಭಕ್ತಿ, ಕ್ರಿಯಾಪದದ ಕೊನೆಯಲ್ಲೇ ನಾನು-ನೀನು ತಿಳಿಯುವುದು, ಇವೆಲ್ಲ ಗ್ರೀಕ್‌ನಲ್ಲೂ ಇವೆ. ನಮಗೆ ಹೊಸದೇನಲ್ಲ.

ಆದರೂ ಕಲಿಯಿರಿ. ಗ್ರೀಕ್ ನಿಮ್ಮನ್ನು ನಿಧಾನ ಮಾಡುತ್ತದೆ, ಧ್ಯಾನಕ್ಕೆ ಬೇಕಾದದ್ದೂ ಅದೇ. ಲೂಕ 15:20ರಲ್ಲಿ ತಂದೆ, ಮನೆ ಬಿಟ್ಟುಹೋಗಿ ಮರಳಿ ಬರುತ್ತಿದ್ದ ಮಗನನ್ನು ದೂರದಿಂದ ಕಂಡು ‘ಕನಿಕರಪಟ್ಟ’ ಎಂದು ಎಷ್ಟೋ ಸಲ ಓದಿದ್ದೆ. ಗ್ರೀಕ್‌ನಲ್ಲಿ ಆ ಪದ ‘ಸ್ಪ್ಲಾಂಖ್ನ’ದಿಂದ ಬಂದದ್ದು. ಸ್ಪ್ಲಾಂಖ್ನ ಅಂದರೆ ಕರುಳು! ಆ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ, ಎಲ್ಲವೂ ಮತ್ತಾಯ, ಮಾರ್ಕ, ಲೂಕರಲ್ಲಿ. ಈ ಸಲ ಬೇರೆ ಕಡೆಯೂ ನೋಡಿಕೊಂಡೇ ದೊಡ್ಡವ್ವನಿಗೆ ಓದಿದೆ. “ಕರುಳ ಚುರ್ ಅಂದಿರ್ಬೇಕು, ಅದಕ್ಕ ಓಡ್ಯಾನ,” ಅಂದಳು.

24 ಅಕ್ಷರ ಮೊದಲು ಕಲಿಯಿರಿ. ಆಮೇಲೆ ಹೊಸ ಒಡಂಬಡಿಕೆಯ 1 ಯೋಹಾನ ಎಂಬ ಪತ್ರ ಹಿಡಿಯಿರಿ. ಸುಲಭದ ಪದಗಳು, ಅವೇ ಮತ್ತೆ ಮತ್ತೆ ಬರುತ್ತವೆ. ದಿನಕ್ಕೊಂದು ವಚನ ಸಾಕು, ಜಾಸ್ತಿ ಬೇಡ. ಕನ್ನಡ ಸತ್ಯವೇದ ಪಕ್ಕದಲ್ಲೇ ತೆರೆದಿರಲಿ.