ಮನೆಯಲ್ಲಿ ಕೂತು ಬೀಡಿ ಕಟ್ಟುವ ಅಮ್ಮನಿಗೆ ಸೊಂಟ, ಕುತ್ತಿಗೆ ನೋವು, ಫಿಸಿಯೋಥೆರಪಿಯಿಂದ ಕಡಿಮೆ ಆಗ್ತದಾ?

ಹೆಚ್ಚಿನವರಿಗೆ ಕಡಿಮೆ ಆಗ್ತದೆ, ಆದ್ರೆ ಬರೀ ಶಾಖ ಕೊಟ್ಟು ಬಂದ್ರೆ ಸಾಲದು. ನಮ್ಮ ಮಂಜೇಶ್ವರ ಕುಂಬಳೆ ಕಡೆ ಹೆಂಗಸರು ಗೆರಸೆ ಮಡಿಲಲ್ಲಿಟ್ಟು ತಲೆ ಬಗ್ಗಿಸಿ ಕೂತ್ರೆ ಏಳುದೇ ಇಲ್ಲ, ಹಾಗೆ ಕೂತೂ ಕೂತೂ ತೊಡೆಯ ಮುಂದಿನ ಸ್ನಾಯು ಬಿಗಿಯಾಗ್ತದೆ, ಕುಂಡೆಯ ಸ್ನಾಯು ಸೋಲ್ತದೆ, ಭಾರ ಎಲ್ಲ ಸೊಂಟದ ಮೇಲೆ.

ಮೊದ್ಲು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೊಂದು ಸುತ್ತು ಹಾಕ್ಲಿ. ಗೋಡೆಗೆ ಒರಗಿ, ಎತ್ತರದ ಮಣೆ ಮೇಲೆ ಕೂತು, ಗೆರಸೆ ಕೆಳಗೆ ತಲೆದಿಂಬು ಇಟ್ರೆ ಕುತ್ತಿಗೆ ಅಷ್ಟು ಬಗ್ಗುದಿಲ್ಲ. ವ್ಯಾಯಾಮ ಅಂದ್ರೆ ಗಲ್ಲವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯುದು, ಭುಜದ ಹಲಗೆ ಎರಡನ್ನೂ ಹಿಂದೆ ಹತ್ತಿರ ತರುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುದು, ತಲಾ 10 ಸಲ, ದಿನಕ್ಕೆ ಎರಡು ಹೊತ್ತು. ಸ್ವಲ್ಪ ಎಳೆದ ಹಾಗೆ ಆಗ್ಬಹುದು, ಚುಚ್ಚಿದ್ರೆ ನಿಲ್ಸಿ. ಕೆಲವು ವಾರ ಬಿಡದೆ ಮಾಡ್ಬೇಕು (ಅಮ್ಮಂದಿರು ಎರಡೇ ದಿನಕ್ಕೆ ಬಿಡ್ತಾರೆ, ಅದೇ ಸಮಸ್ಯೆ). ನೋವಿನೆಣ್ಣೆ ತಿಕ್ಕಿದ್ರೆ ಹಿತ, ಅಷ್ಟೇ.

ಕಾಲಿಗೆ ಜೋಮು ಇಳಿದ್ರೆ, ಬಲ ಕಮ್ಮಿಯಾದ್ರೆ ವ್ಯಾಯಾಮಕ್ಕಿಂತ ಮೊದ್ಲು ಡಾಕ್ಟರಿಗೆ ತೋರಿಸಿ. ಮೂತ್ರ ಹಿಡಿತ ತಪ್ಪಿದ್ರಂತೂ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.