ಬಾಟಲಿ ಶ್ವಾಸಕೋಶದಲ್ಲಿ ಬಲೂನು ಉಬ್ಬುತ್ತಿಲ್ಲ: ಪ್ರತಿಕ್ರಿಯೆ

ಮಗಳು ಸ್ಪರ್ಧೆಗೆ ಮಾಡಿದ ಶ್ವಾಸಕೋಶದ ಬಾಟಲಿ ಮಾಡೆಲ್ ಕೆಲಸ ಮಾಡ್ತಿಲ್ಲ ಅಂತ ಕೇಳಿದ್ರಿ. ಕೆಳಗಿನ ರಬ್ಬರ್ ಎಳೆದರೂ ಒಳಗಿನ ಎರಡು ಬಲೂನು ಉಬ್ಬುತ್ತಿಲ್ಲ ಅಂದರೆ ಹೆಚ್ಚಾಗಿ ಎಲ್ಲೋ ಗಾಳಿ ಸೋರುತ್ತಿರುತ್ತದೆ. ಬಹುಶಃ ಮುಚ್ಚಳದಲ್ಲಿ ಸ್ಟ್ರಾ ತೂರಿಸಿದ ತೂತಿನ ಸುತ್ತ. ನನ್ನ ಮಗನ ಮಾಡೆಲ್‌ನಲ್ಲೂ ಅಲ್ಲೇ ಸೋರುತ್ತಿತ್ತು.

ಮೊದಲು ಬಾಟಲಿಯನ್ನು ಮುಚ್ಚಳ ಮುಳುಗುವಷ್ಟು ಬಕೆಟ್ ನೀರಿಗೆ ಅದ್ದಿ, ಸ್ಟ್ರಾ ಬಾಯಿ ಮಾತ್ರ ಮೇಲಿರಲಿ. ಕೆಳಗಿನ ರಬ್ಬರನ್ನು ಒಳಕ್ಕೆ ಒತ್ತಿ. ಗುಳ್ಳೆ ಎದ್ದ ಕಡೆಯೇ ಸೋರಿಕೆ. ಚೆನ್ನಾಗಿ ಒಣಗಿಸಿ, ಎಂ-ಸೀಲ್ ಮೆತ್ತಿ, ರಾತ್ರಿಯಿಡೀ ಬಿಡಿ. ಬಿಳಿ ಗೋಂದು ಹಚ್ಚೋದು ಸುಮ್ನೆ ದಂಡ, ಪ್ಲಾಸ್ಟಿಕ್‌ಗೆ ಸರಿಯಾಗಿ ಹಿಡಿಯಲ್ಲ.

ಗುಳ್ಳೆಯೇ ಬರದಿದ್ದರೆ ಬಲೂನು ಗಟ್ಟಿಯಿರಬಹುದು. ಬಿಚ್ಚಿ, ನಾಲ್ಕೈದು ಸಲ ಬಾಯಲ್ಲಿ ಊದಿ ಸಡಿಲ ಮಾಡಿ. ಬಾಟಲಿ ತೆಳುವಾಗಿದ್ದರೂ ಕಷ್ಟ: ರಬ್ಬರ್ ಎಳೆದಾಗ ಬಲೂನು ಉಬ್ಬುವ ಬದಲು ಬಾಟಲಿಯೇ ಒಳಕ್ಕೆ ಕುಗ್ಗುತ್ತದೆ. ಸೋಡಾ ಬಾಟಲಿ ವಾಸಿ.

ಚೀಟಿ ಅಂಟಿಸುವಾಗ: ನೇರ ಸ್ಟ್ರಾ ಶ್ವಾಸನಾಳ, ಕವಲುಗಳು ಶ್ವಾಸನಾಳದ ಎರಡು ಕವಲು, ಬಾಟಲಿ ಎದೆಗೂಡು, ಕೆಳಗಿನ ರಬ್ಬರ್ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯು ಪದರ). ಬಲ ಶ್ವಾಸಕೋಶಕ್ಕೆ 3 ಹಾಲೆ (ಭಾಗ), ಎಡಕ್ಕೆ 2. ಎಡಗಡೆ ಹೃದಯಕ್ಕೂ ಜಾಗ ಬೇಕಲ್ವಾ? ಬಲ ಕವಲು ಜಾಸ್ತಿ ಅಗಲ, ಜಾಸ್ತಿ ನೇರ. ಮಕ್ಕಳಿಗೆ ಕಡಲೆಬೀಜ ಶ್ವಾಸನಾಳಕ್ಕೆ ಇಳಿದರೆ ಹೆಚ್ಚಾಗಿ ಬಲಕ್ಕೇ ಹೋಗೋದು ಅದಕ್ಕೇ.

ತೀರ್ಪುಗಾರರು ಮಾಡೆಲ್‌ನಲ್ಲಿ ತಪ್ಪೇನು ಅಂತ ಕೇಳಿದರೆ ಮಗಳು ಎರಡು ಹೇಳಲಿ. ದೇಹದಲ್ಲಿ ಶ್ವಾಸಕೋಶದ ಸುತ್ತ ಹೀಗೆ ಖಾಲಿ ಜಾಗ ಇಲ್ಲ, ತೆಳುವಾದ ದ್ರವದ ಪದರ ಮಾತ್ರ. ಈ ರಬ್ಬರಿನಂತಲ್ಲದೆ ವಪೆ ಮೊದಲೇ ಗುಮ್ಮಟದಂತೆ ಮೇಲೆದ್ದಿರುತ್ತದೆ, ಉಸಿರು ಎಳೆದಾಗ ಚಪ್ಪಟೆಯಾಗುತ್ತದೆ.